ಒಂದು ಜರ್ಮನ್ ಮನೆತನದ ನಾಲ್ಕು ತಲೆಮಾರು: ಅಮ್ಮಸಂದ್ರದಿಂದ ಕಂಡಂತೆ

ಬೆಂಗಳೂರಿನಿಂದ ಅರಸೀಕೆರೆಯತ್ತ ಸಾಗುವ ರೈಲು ಗುಬ್ಬಿ, ನಿಟ್ಟೂರುಗಳನ್ನು ದಾಟಿ ಅಮ್ಮಸಂದ್ರವನ್ನು ಸಮೀಪಿಸುವಾಗ ತೆಂಗಿನ ತೋಪುಗಳ ನಡುವೆ ಸಿಮೆಂಟ್ ಕಾರ್ಖಾನೆಯೊಂದು ಕಣ್ಣಿಗೆ ಬೀಳುತ್ತದೆ. ಚಿಕ್ಕನಾಯಕನಹಳ್ಳಿ ಸೀಮೆಯ ಸುಣ್ಣಕಲ್ಲನ್ನು ನಂಬಿ 1960ರ ದಶಕದ ಆರಂಭದಲ್ಲಿ ಕೆಲಸವನ್ನಾರಂಭಿಸಿದ ಈ ಕಾರ್ಖಾನೆಯನ್ನು ನಮ್ಮ ಜನ ಇಂದಿಗೂ 'ಮೈಸೂರು ಸಿಮೆಂಟ್' ಎಂದೇ ಕರೆಯುವುದುಂಟು. ನಮ್ಮ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳ ತಂದೆತಾಯಂದಿರು ಅಲ್ಲಿ ದುಡಿದವರು. ಅಲ್ಲಿಯ ಸಂಬಳದಿಂದ ಶಾಲಾ ಶುಲ್ಕ ಕಟ್ಟಿದವರು, ಮನೆ ಕಟ್ಟಿದವರು, ಹೆಣ್ಣುಮಕ್ಕಳ ಮದುವೆ ಮಾಡಿದವರು ಈ ಸಂಚಿಕೆಯ ಓದುಗರಲ್ಲಿಯೂ ಇದ್ದಾರೆ.

2006ರಲ್ಲಿ ಈ ಕಾರ್ಖಾನೆಯ ಒಡೆತನವು ಜರ್ಮನಿಯ ಹೈಡೆಲ್ಬರ್ಗ್ ಸಿಮೆಂಟ್ ಸಂಸ್ಥೆಯ ಕೈಸೇರಿತು. 2009ರಲ್ಲಿ ಕಂಪನಿಯ ಹೆಸರೂ ಬದಲಾಯಿತು. ಆ ಹೊತ್ತಿಗೆ ಆ ಸಂಸ್ಥೆಯ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಷೇರುಗಳು ಒಂದೇ ಮನೆತನದ ಹಿಡಿತದಲ್ಲಿದ್ದವೆಂಬುದನ್ನು ನಮ್ಮಲ್ಲಿ ಅರಿತವರು ವಿರಳ. ಆ ಮನೆತನದ ಹೆಸರು ಮೆರ್ಕ್ಲೆ. ಅವರ ಕಥೆಯು ಸಂಪತ್ತಿನ ಬಗ್ಗೆ, ಸಾಲದ ಬಗ್ಗೆ, ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಯ ಬಗ್ಗೆ ನಮಗೆ ಹೇಳಬೇಕಾದುದನ್ನು ಹೇಳುತ್ತದೆ. ನಾಲ್ಕು ದಶಕ ಪಾಠ ಹೇಳಿದ ಶಿಕ್ಷಕನಾಗಿ ಅದನ್ನು ಇಲ್ಲಿ ವಿವೇಚಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲ ತಲೆಮಾರಿನ ಅಡೋಲ್ಫ್ ಮೆರ್ಕ್ಲೆಯವರು 1881ರಲ್ಲಿ ಬೊಹೀಮಿಯಾ ಪ್ರಾಂತದ ಔಸಿಗ್ ಎಂಬ ಊರಿನಲ್ಲಿ ರಾಸಾಯನಿಕ ವಸ್ತುಗಳ ಸಗಟು ವ್ಯಾಪಾರವನ್ನು ತೆರೆದರು. ಎಲ್ಬೆ ನದಿಯ ದಂಡೆಯ ಆ ಪಟ್ಟಣವು ಇಂದು ಚೆಕ್ ಗಣರಾಜ್ಯದಲ್ಲಿದೆ. ಎರಡನೆಯ ತಲೆಮಾರಿನ ಲುಡ್ವಿಗ್ ಮೆರ್ಕ್ಲೆಯವರು ವ್ಯಾಪಾರದಿಂದ ಮುಂದೆ ಹೋಗಿ ಔಷಧಗಳ ತಯಾರಿಕೆಗೆ ಕೈಯಿಟ್ಟರು. ಹೀಗೆ ನೆಲೆಗೊಂಡಿದ್ದ ಉದ್ಯಮವು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬೇರುಸಹಿತ ಕಿತ್ತುಹೋಯಿತು. 1945ರಲ್ಲಿ ಜರ್ಮನ್ ಭಾಷಿಕರನ್ನು ಬೊಹೀಮಿಯಾದಿಂದ ಹೊರಹಾಕಲಾಯಿತು. ಹಿಟ್ಲರನ ಆಳ್ವಿಕೆಯು ನೆರೆಯ ಜನಾಂಗಗಳ ಮೇಲೆ ಹೇರಿದ ಘೋರ ಹಿಂಸೆಯ ಬೆನ್ನಲ್ಲೇ ಬಂದ ಈ ಉಚ್ಚಾಟನೆಯಲ್ಲಿ ಲಕ್ಷಾಂತರ ಕುಟುಂಬಗಳು ಮನೆ ಮಠ ಕಳೆದುಕೊಂಡವು. ಮೆರ್ಕ್ಲೆ ಮನೆತನವೂ ಎಲ್ಲವನ್ನೂ ಅಲ್ಲಿಯೇ ಬಿಟ್ಟು ದಕ್ಷಿಣ ಜರ್ಮನಿಯ ಉಲ್ಮ್ ನಗರದ ಸಮೀಪದ ಬ್ಲೌಬಾಯ್ರೆನ್ ಎಂಬ ಚಿಕ್ಕ ಊರಿಗೆ ಬಂದು ನೆಲೆಸಿತು.

ಈ ಬ್ಲೌಬಾಯ್ರೆನ್ ನಮ್ಮವರಿಗೆ ತೀರ ಅಪರಿಚಿತವೆನಿಸುವ ಊರಲ್ಲ. ಅದೂ ಸುಣ್ಣಕಲ್ಲಿನ ಸೀಮೆ. ಅಲ್ಲಿಯೂ ಹಳೆಯ ಸಿಮೆಂಟ್ ಕಾರ್ಖಾನೆಯಿತ್ತು. ಹನ್ನೊಂದನೆಯ ಶತಮಾನದಲ್ಲಿ ಸ್ಥಾಪಿತವಾದ ಕ್ರೈಸ್ತ ಮಠವೊಂದು ಅಲ್ಲಿದ್ದು, 1556ರಿಂದ ಅದರ ಕಟ್ಟಡಗಳಲ್ಲಿ ಶಾಲೆ ನಡೆಯುತ್ತ ಬಂದಿದೆ. ಕಲ್ಲು, ಕಾರ್ಖಾನೆ, ಮಠದ ಶಾಲೆ ಇವು ಮೂರೂ ಒಂದೆಡೆ ಕೂಡಿದ ಊರು ಎಂತಹುದೆಂದು ನಮಗೆ ಯಾರೂ ವಿವರಿಸಬೇಕಾದುದಿಲ್ಲ.

ಆ ಊರಿನಲ್ಲಿ ಮನೆತನವು ಮತ್ತೆ ಮೊದಲಿನಿಂದ ಆರಂಭಿಸಿತು. ಇದನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ. ಕಟ್ಟಡ ಹೋಯಿತು, ಯಂತ್ರ ಹೋಯಿತು, ಗಿರಾಕಿಗಳು ಹೋದರು. ಆದರೆ ಔಷಧ ತಯಾರಿಸುವ ವಿದ್ಯೆ ಅವರೊಡನೆ ಗಡಿ ದಾಟಿ ಬಂದಿತು. ಇಪ್ಪತ್ತೆರಡು ವರ್ಷಗಳ ತರುವಾಯ, 1967ರಲ್ಲಿ, ಮೂರನೆಯ ತಲೆಮಾರಿನ ಅಡೋಲ್ಫ್ ಮೆರ್ಕ್ಲೆ ಅದನ್ನು ವಹಿಸಿಕೊಂಡಾಗ ಸುಮಾರು 80 ಮಂದಿ ಉದ್ಯೋಗಿಗಳಿದ್ದ ಸಣ್ಣ ಸಂಸ್ಥೆ ಅದಾಗಿತ್ತು.

1934ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಜನಿಸಿದ ಈ ಅಡೋಲ್ಫ್ ಮೆರ್ಕ್ಲೆ ವಕೀಲಿ ವಿದ್ಯೆಯನ್ನು ಕಲಿತವರು. ಅಜ್ಜನ ಹೆಸರನ್ನೇ ಧರಿಸಿದ್ದ ಅವರು ಅಜ್ಜ ಕಂಡಿರಲಾರದಷ್ಟು ದೂರ ಉದ್ಯಮವನ್ನು ಕೊಂಡೊಯ್ದರು. ಒಂದು ಔಷಧಕ್ಕೆ ದೊರೆತ ಪೇಟೆಂಟ್ ಹಕ್ಕಿನ ಅವಧಿ ಮುಗಿದ ಮೇಲೆ ಅದೇ ಔಷಧವನ್ನು ಯಾರು ಬೇಕಾದರೂ ತಯಾರಿಸಬಹುದು. ಹಾಗೆ ತಯಾರಿಸಿ ಅಗ್ಗದ ಬೆಲೆಗೆ ಮಾರುವ ರಾಶಿಯೋಫಾರ್ಮ್ ಎಂಬ ಸಂಸ್ಥೆಯನ್ನು ಅವರು 1974ರಲ್ಲಿ ಕಟ್ಟಿದರು. ಜರ್ಮನಿಯಲ್ಲಿ ಈ ಬಗೆಯ ಮೊದಲ ಸಂಸ್ಥೆ ಅದು. ಇಂದು ನಮ್ಮ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಗುಳಿಗೆ ಕೊಳ್ಳುವ ವೃದ್ಧರಿಗೆ ಇದರ ಪ್ರಯೋಜನ ಏನೆಂಬುದು ಗೊತ್ತು. ತರುವಾಯ ಹಲವು ಸಗಟು ಸಂಸ್ಥೆಗಳನ್ನು ಒಗ್ಗೂಡಿಸಿ 1994ರಲ್ಲಿ ಫೀನಿಕ್ಸ್ ಎಂಬ ಔಷಧ ವಿತರಣೆಯ ಬೃಹತ್ ಸಂಸ್ಥೆಯನ್ನು ರಚಿಸಿದರು. ಇದರೊಡನೆ ಸಿಮೆಂಟೂ ಸೇರಿತು.

ಹೈಡೆಲ್ಬರ್ಗ್ ಸಿಮೆಂಟಿನ ಮೂಲ ಮತ್ತೊಂದು ಕಥೆ. ಬಿಯರ್ ತಯಾರಿಕೆಯಲ್ಲಿ ಹಣ ಗಳಿಸಿದ್ದ ಯೋಹಾನ್ ಫಿಲಿಪ್ ಶಿಫರ್‌ಡೆಕರ್ ಎಂಬವರು 1873ರಲ್ಲಿ ಹೈಡೆಲ್ಬರ್ಗಿನ ಹಳೆಯ ಗಿರಣಿಯೊಂದನ್ನು ಕೊಂಡು ಸಿಮೆಂಟ್ ತಯಾರಿಕೆಯನ್ನು ಆರಂಭಿಸಿದ್ದರು. ಆ ಸಂಸ್ಥೆಯಲ್ಲಿ ಮೆರ್ಕ್ಲೆ ಮನೆತನವು ಕ್ರಮೇಣ ಪಾಲು ಪಡೆದು 2005ರಲ್ಲಿ ಬಹುಪಾಲಿನ ಒಡೆಯನಾಯಿತು. ಮರುವರ್ಷವೇ ಅಮ್ಮಸಂದ್ರದ ಕಾರ್ಖಾನೆಯು ಆ ಒಡೆತನದೊಳಗೆ ಬಂದಿತು. 2008ರ ವೇಳೆಗೆ ಮನೆತನದ ಸಂಸ್ಥೆಗಳಲ್ಲಿ ಒಟ್ಟು ಸುಮಾರು 1 ಲಕ್ಷ ಮಂದಿ ದುಡಿಯುತ್ತಿದ್ದರೆಂದೂ ವಾರ್ಷಿಕ ವಹಿವಾಟು ಸುಮಾರು 3,000 ಕೋಟಿ ಯೂರೋಗಳಷ್ಟಿತ್ತೆಂದೂ ಅಂದಿನ ವರದಿಗಳು ಹೇಳುತ್ತವೆ. ಜಗತ್ತಿನ ಮೊದಲ ನೂರು ಶ್ರೀಮಂತರ ಪಟ್ಟಿಯಲ್ಲಿ ಅಡೋಲ್ಫ್ ಮೆರ್ಕ್ಲೆಯವರ ಹೆಸರಿತ್ತು. ಆದರೂ ಆತ ಊರಿನಲ್ಲಿ ಸೈಕಲ್ ತುಳಿಯುತ್ತಿದ್ದ, ಆಡಂಬರವನ್ನು ದೂರವಿಟ್ಟ, ದುಂದುವೆಚ್ಚವನ್ನು ಸಹಿಸದ ವ್ಯಕ್ತಿಯೆಂದು ಪ್ರಸಿದ್ಧರಾಗಿದ್ದರು.

ಆ ಬಳಿಕ ನಡೆದುದು ಹೀಗೆ. 2007ರಲ್ಲಿ ಹೈಡೆಲ್ಬರ್ಗ್ ಸಿಮೆಂಟ್ ಸಂಸ್ಥೆಯು ಬ್ರಿಟನ್ನಿನ ಹ್ಯಾನ್ಸನ್ ಸಂಸ್ಥೆಯನ್ನು ಸುಮಾರು 800 ಕೋಟಿ ಪೌಂಡುಗಳಿಗೆ ಖರೀದಿಸಿತು. ಖರೀದಿಗೆ ಅಪಾರ ಸಾಲವನ್ನು ಎತ್ತಲಾಯಿತು. ಮರುವರ್ಷ ಜಗತ್ತಿನ ಹಣಕಾಸು ವ್ಯವಸ್ಥೆಯೇ ಕುಸಿಯಿತು. ಕಟ್ಟಡಗಳ ಕೆಲಸ ನಿಂತಿತು, ಸಿಮೆಂಟಿನ ಬೇಡಿಕೆ ಇಳಿಯಿತು, ಸಾಲಕ್ಕೆ ಒತ್ತೆಯಿಟ್ಟಿದ್ದ ಷೇರುಗಳ ಬೆಲೆ ತೀವ್ರವಾಗಿ ಬಿತ್ತು. ಒತ್ತೆಯ ಬೆಲೆ ಬಿದ್ದೊಡನೆ ಸಾಲ ಕೊಟ್ಟವರು ಹೆಚ್ಚಿನ ಆಧಾರವನ್ನು ಕೇಳುವುದು ಎಲ್ಲೆಡೆಯ ನಿಯಮ. ಇದೇ ಸಮಯದಲ್ಲಿ ಫೋಕ್ಸ್‌ವ್ಯಾಗನ್ ಎಂಬ ಮೋಟಾರು ಸಂಸ್ಥೆಯ ಷೇರುಗಳ ಮೇಲೆ ಮಾಡಿದ್ದ ಊಹಾವ್ಯಾಪಾರವು ಮನೆತನಕ್ಕೆ ಮುಳುವಾಯಿತು.

ಈ ಊಹಾವ್ಯಾಪಾರದ ಬಗೆಯನ್ನು ನಮ್ಮ ಕೊಬ್ಬರಿಯ ಉದಾಹರಣೆಯಿಂದ ವಿವರಿಸಬಹುದು. ಒಬ್ಬನು ನೆರೆಯವನಿಂದ ನೂರು ಮೂಟೆ ಕೊಬ್ಬರಿಯನ್ನು ಎರವಲು ತಂದು ಇಂದಿನ ಬೆಲೆಗೆ ಮಾರಿಬಿಡುತ್ತಾನೆ. ಬೆಲೆ ಇಳಿದಾಗ ಅಷ್ಟೇ ಮೂಟೆಗಳನ್ನು ಅಗ್ಗದಲ್ಲಿ ಕೊಂಡು ಹಿಂದಿರುಗಿಸಿದರೆ ನಡುವಿನ ಅಂತರ ಅವನ ಲಾಭ. ಆದರೆ ಬೆಲೆ ಏರಿದರೆ? ಏರಿಕೆಗೆ ಮಿತಿಯಿಲ್ಲವಾದ್ದರಿಂದ ನಷ್ಟಕ್ಕೂ ಮಿತಿಯಿಲ್ಲ. ಎರವಲು ತಂದುದನ್ನು ಹಿಂದಿರುಗಿಸದೆ ಗತಿಯೂ ಇಲ್ಲ. ಫೋಕ್ಸ್‌ವ್ಯಾಗನ್ ಷೇರಿನ ಬೆಲೆ ಇಳಿಯುವುದೆಂದು ಲೆಕ್ಕಹಾಕಿದವರು ಅಂದು ಅನೇಕರಿದ್ದರು. 2008ರ ಅಕ್ಟೋಬರ್ 26ರಂದು ಪೋರ್ಷೆ ಸಂಸ್ಥೆಯು ತನ್ನ ಬಳಿ ಶೇಕಡ 42.6ರಷ್ಟು ಷೇರುಗಳೂ ಇನ್ನು ಶೇಕಡ 31.5ರಷ್ಟನ್ನು ಪಡೆಯುವ ಹಕ್ಕುಗಳೂ ಇವೆಯೆಂದು ಪ್ರಕಟಿಸಿತು. ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರದ ಬಳಿ ಶೇಕಡ 20ರಷ್ಟಿತ್ತು. ಪೇಟೆಯಲ್ಲಿ ಕೊಳ್ಳಲು ಸಿಗುವುದು ಶೇಕಡ 6ರಷ್ಟು ಮಾತ್ರವೆಂದು ತಿಳಿದೊಡನೆ ಎರವಲು ತೀರಿಸಬೇಕಾದವರೆಲ್ಲ ಏಕಕಾಲಕ್ಕೆ ಮುಗಿಬಿದ್ದರು. ಎರಡು ದಿನಗಳ ಹಿಂದೆ ಸುಮಾರು 210 ಯೂರೋ ಇದ್ದ ಷೇರು ಅಕ್ಟೋಬರ್ 28ರಂದು ಸ್ವಲ್ಪ ಹೊತ್ತು 1,000 ಯೂರೋಗಳನ್ನು ಮೀರಿತು. ಮೆರ್ಕ್ಲೆಯವರ ಸಂಸ್ಥೆಯು ಈ ವ್ಯವಹಾರದಲ್ಲಿ ಕೋಟಿಗಟ್ಟಲೆ ಯೂರೋಗಳನ್ನು ಕಳೆದುಕೊಂಡಿತು. ಗೆದ್ದಂತೆ ತೋರಿದ ಪೋರ್ಷೆಯೂ ಸಾಲದ ಹೊರೆಯಿಂದ ಬಳಲಿ 2009ರಲ್ಲಿ ಫೋಕ್ಸ್‌ವ್ಯಾಗನ್ ಜೊತೆಗಿನ ವಿಲೀನಕ್ಕೆ ಸಮ್ಮತಿಸಬೇಕಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ವಾರಗಟ್ಟಲೆ ಬ್ಯಾಂಕುಗಳೊಡನೆ ಮಾತುಕತೆ ನಡೆಯಿತು. 2009ರ ಜನವರಿ 5ರಂದು, ತಮ್ಮ 74ನೆಯ ವಯಸ್ಸಿನಲ್ಲಿ, ಅಡೋಲ್ಫ್ ಮೆರ್ಕ್ಲೆ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಮನಸ್ಸನ್ನು ಕಲಕುವ ಸಂಗತಿಯೆಂದರೆ, ಅದಾದ ಕೆಲವೇ ದಿನಗಳಲ್ಲಿ ಬ್ಯಾಂಕುಗಳು ತಾತ್ಕಾಲಿಕ ಸಾಲವನ್ನು ನೀಡಲು ಒಪ್ಪಿದವು. ಅವರು ಕಾಣದಿದ್ದ ದಾರಿ ಇದ್ದೇ ಇತ್ತು.

ಮುಂದಿನ ಭಾರವನ್ನು ನಾಲ್ಕನೆಯ ತಲೆಮಾರಿನ ಲುಡ್ವಿಗ್ ಮೆರ್ಕ್ಲೆ ಹೊತ್ತರು. ತಂದೆ ಕಟ್ಟಿದ ರಾಶಿಯೋಫಾರ್ಮ್ ಸಂಸ್ಥೆಯನ್ನು 2010ರಲ್ಲಿ ಇಸ್ರೇಲಿನ ಟೇವಾ ಸಂಸ್ಥೆಗೆ ಸುಮಾರು 360 ಕೋಟಿ ಯೂರೋಗಳಿಗೆ ಮಾರಲಾಯಿತು. ಹೈಡೆಲ್ಬರ್ಗ್ ಸಿಮೆಂಟಿನಲ್ಲಿ ಮನೆತನದ ಪಾಲು ಮುಕ್ಕಾಲಿಗೂ ಮೇಲಿದ್ದುದು ಕಾಲು ಭಾಗದಷ್ಟಕ್ಕೆ ಇಳಿಯಿತು. ಫೀನಿಕ್ಸ್ ಉಳಿಯಿತು. ಸಾಲ ತೀರುವಷ್ಟನ್ನು ಬಿಟ್ಟುಕೊಟ್ಟು ಉಳಿದುದನ್ನು ಉಳಿಸಿಕೊಂಡ ಈ ಮನೆತನ ಇಂದಿಗೂ ಜರ್ಮನಿಯ ಪ್ರಮುಖ ಉದ್ಯಮ ಮನೆತನಗಳಲ್ಲೊಂದು. ಸಿಮೆಂಟ್ ಸಂಸ್ಥೆಯು 2022ರಲ್ಲಿ ಹೈಡೆಲ್ಬರ್ಗ್ ಮೆಟೀರಿಯಲ್ಸ್ ಎಂಬ ಹೆಸರನ್ನು ಧರಿಸಿತು. ಇನ್ನೊಬ್ಬ ಮಗ ಟೋಬಿಯಾಸ್ ಮೆರ್ಕ್ಲೆ ಉದ್ಯಮದ ದಾರಿಯನ್ನೇ ಹಿಡಿದವರಲ್ಲ. ಸಮಾಜಸೇವೆಯನ್ನು ವೃತ್ತಿಯಾಗಿ ಆರಿಸಿಕೊಂಡ ಅವರು 2003ರಲ್ಲಿ ಲಿಯೋನ್‌ಬರ್ಗ್ ಎಂಬಲ್ಲಿ ಝೇಹೌಸ್ ಎಂಬ ನೆಲೆಯನ್ನು ತೆರೆದರು. ಅಪರಾಧವೆಸಗಿ ಶಿಕ್ಷೆಗೊಳಗಾದ ತರುಣರು ಸೆರೆಮನೆಯ ಗೋಡೆಗಳ ಬದಲು ಅಲ್ಲಿ ಗೃಹಸ್ಥ ಕುಟುಂಬಗಳೊಡನೆ ಬಾಳುತ್ತ, ದುಡಿಯುತ್ತ, ಕಸುಬು ಕಲಿಯುತ್ತ ಶಿಕ್ಷೆಯ ಅವಧಿಯನ್ನು ಕಳೆಯುತ್ತಾರೆ.

ಈ ನಾಲ್ಕು ತಲೆಮಾರುಗಳ ಕಥೆಯಿಂದ ಹೊರಡುವ ಅರ್ಥವೇನು? ಶ್ರೀಮಂತಿಕೆ ಕ್ಷಣಿಕವೆಂಬ ಸಾಮಾನ್ಯ ಮಾತಿನಲ್ಲಿ ಇದನ್ನು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 1945ರಲ್ಲಿ ಈ ಮನೆತನ ಕಳೆದುಕೊಂಡುದಕ್ಕೆ ಹೋಲಿಸಿದರೆ 2008ರಲ್ಲಿ ಕಳೆದುಕೊಂಡುದು ಆಸ್ತಿಯ ಒಂದು ಪಾಲು ಮಾತ್ರ. ಆದರೂ ಮೊದಲನೆಯ ಪತನದಿಂದ ಎದ್ದು ನಿಂತವರು ಎರಡನೆಯದರಲ್ಲಿ ತಮ್ಮ ಹಿರಿಯನನ್ನೇ ಕಳೆದುಕೊಂಡರು. ಈ ವ್ಯತ್ಯಾಸವೇ ಚಿಂತನಾರ್ಹ. ಮೊದಲ ಸಲ ಹೋದುದು ಸ್ವತ್ತು, ಉಳಿದುದು ಕಸುಬು. ಎರಡನೆಯ ಸಲ ಬಂದ ನಷ್ಟಕ್ಕೂ ಕಸುಬಿಗೂ ಸಂಬಂಧವೇ ಇರಲಿಲ್ಲ. ಫೋಕ್ಸ್‌ವ್ಯಾಗನ್ ಷೇರಿನಿಂದ ಒಂದು ಗುಳಿಗೆಯೂ ತಯಾರಾಗುತ್ತಿರಲಿಲ್ಲ, ಒಂದು ಮೂಟೆ ಸಿಮೆಂಟೂ ಹೊರಬರುತ್ತಿರಲಿಲ್ಲ.

ಅಡೋಲ್ಫ್ ಮೆರ್ಕ್ಲೆ ಸರಳ ಜೀವಿಯಾಗಿದ್ದರೆಂಬುದನ್ನು ಮೇಲೆ ಹೇಳಿದೆ. ಸರಳವಾಗಿ ಬದುಕುವವನು ವ್ಯವಹಾರದಲ್ಲಿಯೂ ಮಿತಿಯನ್ನು ಬಲ್ಲವನೆಂದು ನಾವು ಸಹಜವಾಗಿ ನಂಬುತ್ತೇವೆ. ಈ ನಂಬಿಕೆ ಪೂರ್ಣ ಸತ್ಯವಲ್ಲ. ಊಟ ಉಡುಪುಗಳಲ್ಲಿ ಮಿತಿಯನ್ನು ಪಾಲಿಸುವುದು ಒಂದು ಗುಣ. ಗಳಿಕೆಯ ಎದುರಿನಲ್ಲಿ 'ಇಷ್ಟು ಸಾಕು' ಎನ್ನುವುದು ಅದಕ್ಕಿಂತ ಕಠಿಣವಾದ ಇನ್ನೊಂದು ಗುಣ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ಮಾರಯ್ಯನೇನೂ ದುಂದುಗಾರನಾಗಿರಲಿಲ್ಲ. ಅವನಿಗಿಂತ ಸರಳ ಬದುಕು ಯಾರದಿದ್ದೀತು? ಆದರೂ ಅವನಿಗೆ ಮಿತಿಯನ್ನು ನೆನಪಿಸುವ ಒಬ್ಬರು ಮನೆಯಲ್ಲಿ ಬೇಕಾಯಿತು. ಲಕ್ಕಮ್ಮನಂಥವರ ಮಾತು ನಡೆಯುವ ಮನೆಯೇ ನಿಜವಾಗಿ ಸುರಕ್ಷಿತವಾದ ಮನೆ.

ಬ್ಲೌಬಾಯ್ರೆನ್ನಿನ ಈ ಚರಿತ್ರೆಯನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ಮನೆಯ ಬಾಗಿಲಿಗೆ ಬಂದ. ಲೆಕ್ಕದಲ್ಲಿ ಜಾಣನಾಗಿದ್ದ ಹುಡುಗ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವನು ಮೊಬೈಲಿನಲ್ಲಿಯೇ ಷೇರುಗಳ ಊಹಾವ್ಯಾಪಾರ ಮಾಡತೊಡಗಿ, ಹೋದುದನ್ನು ಹಿಂದೆ ಪಡೆಯಲು ಸಾಲ ಮಾಡಿ, ಆ ಸಾಲಕ್ಕೆ ಮತ್ತೊಂದು ಸಾಲ ಮಾಡಿದ್ದ. ಅವನ ತಂದೆ ಅಜ್ಜನ ಕಾಲದ ತೋಟದಲ್ಲಿ ಒಂದು ಭಾಗವನ್ನು ಮಾರಬೇಕಾಯಿತು. ಹುಡುಗ ಅಂದು ನನ್ನೆದುರು ಕುಳಿತು ಹೇಳಿದ ಮಾತು ಇದು: 'ಸಾರ್, ಹಣ ಹೋದದ್ದಕ್ಕಿಂತ ಅಪ್ಪನಿಗೆ ಹೇಳೋದು ಹೇಗೆ ಅನ್ನೋದೇ ದೊಡ್ಡದಾಗಿತ್ತು.' ಅವನು ಹೇಳಿದ, ತಂದೆ ಕೇಳಿದರು, ಇಬ್ಬರೂ ಇಂದು ಬದುಕಿದ್ದಾರೆ. ಅಂದು ಅವನು ಬೇರೆ ದಾರಿ ಹಿಡಿದಿದ್ದರೆ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಇದು ಒಬ್ಬ ಹುಡುಗನ ಕಥೆಯಲ್ಲ. ಷೇರು ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ವರ್ಷದ ಮಾರ್ಚಿಗೆ ಕೊನೆಗೊಂಡ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವ್ಯವಹಾರಕ್ಕೆ ಇಳಿದ ಸಾಮಾನ್ಯ ಹೂಡಿಕೆದಾರರಲ್ಲಿ 100ಕ್ಕೆ 93 ಮಂದಿ ನಷ್ಟ ಹೊಂದಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ನುರಿತ ವಕೀಲರನ್ನೂ ಲೆಕ್ಕಿಗರನ್ನೂ ಇಟ್ಟುಕೊಂಡಿದ್ದ ಮನೆತನವೇ ಎಡವಿದ ಹಾದಿಯಲ್ಲಿ ನಮ್ಮ ಹಳ್ಳಿಯ ಹುಡುಗರು ಅಂಗೈಯಗಲದ ಯಂತ್ರವನ್ನು ಹಿಡಿದು ಒಬ್ಬಂಟಿಯಾಗಿ ನಡೆಯುತ್ತಿದ್ದಾರೆ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸುತ್ತೇನೆ. ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಏರಲೆಂದು ಕೊಬ್ಬರಿಯನ್ನು ಅಟ್ಟದಲ್ಲಿ ಹಿಡಿದಿಡುವ ರೈತನೂ ಊಹೆಯ ಮೇಲೆಯೇ ನಡೆಯುವವನಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಬಲಿತ ಕಾಯಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕುಳಿತು ಉಂಡೆ ಕೊಬ್ಬರಿಯಾಗುತ್ತದೆ. ಆ ವೇಳೆಗೆ ಬೆಲೆ ಏನಿರುವುದೆಂದು ಯಾರೂ ಬಲ್ಲವರಲ್ಲ. ಆದರೆ ಆ ರೈತನ ಅಟ್ಟದಲ್ಲಿರುವುದು ಅವನ ಸ್ವಂತ ಬೆಳೆ. ಬೆಲೆ ಕುಸಿದರೆ ಅವನ ವರ್ಷದ ಆದಾಯ ಕುಗ್ಗುತ್ತದೆ, ಅದು ಸಣ್ಣ ನೋವೇನಲ್ಲ. ಆದರೂ ಅವನ ನಷ್ಟಕ್ಕೆ ಅಟ್ಟದಷ್ಟೇ ಅಳತೆ. ಮರ ತೋಟದಲ್ಲಿಯೇ ನಿಂತಿರುತ್ತದೆ. ಎರವಲು ತಂದುದರ ಮೇಲೆ, ಸಾಲ ಮಾಡಿದ ಹಣದ ಮೇಲೆ ಕಟ್ಟುವ ಪಂದ್ಯಕ್ಕೆ ಈ ಅಳತೆಯಿಲ್ಲ. ಉದ್ಯಮದಲ್ಲಿ ಸಾಲವೇ ಕೂಡದೆಂದು ನಾನು ಹೇಳುವುದಿಲ್ಲ. ಕೊಳವೆಬಾವಿಗೆ, ಮಕ್ಕಳ ಓದಿಗೆ, ಯಂತ್ರಕ್ಕೆ ಮಾಡಿದ ಸಾಲ ದುಡಿಮೆಯನ್ನು ಹೆಚ್ಚಿಸುತ್ತದೆ. ಸಾಲದ ಹಣ ದುಡಿಮೆಗೆ ಹೋಗುತ್ತಿದೆಯೋ ಪಂದ್ಯಕ್ಕೆ ಹೋಗುತ್ತಿದೆಯೋ ಎಂಬುದನ್ನು ಗುರುತಿಸುವ ವಿವೇಕ ಬೇಕು. ಆ ವಿವೇಕವನ್ನು ಕಲಿಸುವ ಪಾಠ ನಮ್ಮ ತರಗತಿಗಳಲ್ಲಿ ಇಲ್ಲ.

ಆದುದರಿಂದ ಎರಡು ಸೂಚನೆಗಳನ್ನು ಸಂಸ್ಥೆಯ ಮುಂದಿಡಬಯಸುತ್ತೇನೆ. ಒಂದು, ಪ್ರೌಢಶಾಲೆಯ ಕೊನೆಯ ವರ್ಷದಿಂದ ವಾರಕ್ಕೆ ಒಂದು ಗಂಟೆಯಾದರೂ ಸಾಲ, ಬಡ್ಡಿ, ಒತ್ತೆ, ಜಾಮೀನು, ಊಹಾವ್ಯಾಪಾರ ಇವುಗಳನ್ನು ಮಕ್ಕಳಿಗೆ ತಿಳಿಸಬೇಕು. ಇದಕ್ಕೆ ಪರೀಕ್ಷೆ ಬೇಡ, ಅಂಕ ಬೇಡ. ತೋಟದ ಲೆಕ್ಕದ ಪುಸ್ತಕವನ್ನೇ ತಂದು ಬಿಡಿಸಿದರೆ ಸಾಕು. ಕಾರ್ಖಾನೆಯಿಂದ ನಿವೃತ್ತರಾದ ಲೆಕ್ಕಿಗರೂ ಬ್ಯಾಂಕುಗಳಲ್ಲಿರುವ ನಮ್ಮ ಹಿರಿಯ ವಿದ್ಯಾರ್ಥಿಗಳೂ ಬಂದು ಪಾಠ ಹೇಳಬಹುದು. ಎರಡು, ಹಳೆಯ ವಿದ್ಯಾರ್ಥಿಗಳ ಸಂಘವು ವರ್ಷಕ್ಕೊಮ್ಮೆ ಸನ್ಮಾನ ಮಾಡುವುದರೊಂದಿಗೆ, ನಷ್ಟಕ್ಕೆ ಸಿಲುಕಿದವನು ನಾಚಿಕೆಯಿಲ್ಲದೆ ಬಂದು ಮಾತಾಡಬಹುದಾದ ಒಂದು ಸ್ಥಳವನ್ನೂ ಏರ್ಪಡಿಸಬೇಕು. ಗೆದ್ದವರ ಹೆಸರನ್ನು ಫಲಕದಲ್ಲಿ ಬರೆಯುವ ಶಾಲೆಗೆ ಸೋತವನು ಬರಲು ಅಂಜುತ್ತಾನೆ. ಅವನಿಗೆ ಹಣಕ್ಕಿಂತ ಮೊದಲು ಬೇಕಾಗಿರುವುದು ಕೇಳುವ ಕಿವಿ, ಕೆಲವು ದಿನಗಳ ಅವಕಾಶ. ಬ್ಯಾಂಕಿನ ಒಪ್ಪಿಗೆ ಬರುವ ಮುನ್ನವೇ ಭರವಸೆ ಬತ್ತಿಹೋದ ಆ ಜರ್ಮನ್ ಹಿರಿಯನ ನೆನಪು ನಮಗೆ ಇಷ್ಟನ್ನಾದರೂ ಕಲಿಸಲಿ.

ದಾನಿಗಳಲ್ಲಿಯೂ ಒಂದು ಮಾತು. ತಾವು ಕೊಟ್ಟ ಹಣದಿಂದ ಕಟ್ಟಡಗಳು ಎದ್ದಿವೆ. ಅವುಗಳಲ್ಲಿ ಕೆಲವಕ್ಕೆ ಅಮ್ಮಸಂದ್ರದ ಸಿಮೆಂಟೇ ಬಳಕೆಯಾಗಿದೆ. ಅದಕ್ಕಾಗಿ ಸಂಸ್ಥೆ ಋಣಿ. ಮುಂದಿನ ದಾನಗಳಲ್ಲಿ ಒಂದು ಪಾಲು ಕಸುಬು ಕಲಿಸುವ ಕಾರ್ಯಕ್ಕೆ ಮೀಸಲಾಗಲಿ ಎಂದು ನನ್ನ ಬಿನ್ನಹ. ಔಸಿಗ್‌ನಿಂದ ಬರಿಗೈಯಲ್ಲಿ ಹೊರಟವರನ್ನು ಕಾಪಾಡಿದ್ದು ಅದೇ. ಲಿಯೋನ್‌ಬರ್ಗಿನ ಆ ತರುಣರಿಗೆ ಮರಳಿ ಬಾಳಿನ ದಾರಿ ತೋರುತ್ತಿರುವುದೂ ಅದೇ.

ನಮ್ಮ ಸೀಮೆಯಲ್ಲಿ ತೆಂಗಿನ ಸಸಿ ನೆಡುವ ಅಜ್ಜ ಅದರ ಪೂರ್ಣ ಫಲವನ್ನು ಕಾಣುವುದು ಅಪರೂಪ. ಮಗ ನೀರೆರೆಯುತ್ತಾನೆ, ಮೊಮ್ಮಗ ಕಾಯಿ ಇಳಿಸುತ್ತಾನೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಒಣಗಿದ ಮರಗಳನ್ನು ಕಂಡು ಕಣ್ಣೀರಿಟ್ಟು, ಮರುವರ್ಷ ಅದೇ ಗುಂಡಿಯ ಪಕ್ಕದಲ್ಲಿ ಹೊಸ ಸಸಿ ನೆಟ್ಟ ಹಿರಿಯರನ್ನು ನಾನು ಬಲ್ಲೆ. ಅವರು ಮಕ್ಕಳಿಗೆ ಬಿಟ್ಟುಹೋದ ಆಸ್ತಿಯಲ್ಲಿ ತೋಟಕ್ಕಿಂತ ಆ ನೆಡುವ ಅಭ್ಯಾಸವೇ ದೊಡ್ಡದು. ಅದನ್ನು ನಮ್ಮ ಶಾಲೆಯ ಮಕ್ಕಳು ಉಳಿಸಿಕೊಳ್ಳಲೆಂದು ಹಾರೈಸುತ್ತೇನೆ.